ಪಿಕ್‌ನಿಕ್ಕಿಗೆ ಎರಡು ಸ್ಯಾಂಡ್‌ವಿಚ್ ಕಮ್ಮಿ: ದಡ್ಡತನಕ್ಕೆ ಇಂಗ್ಲಿಷಿನವರ ಮಾತುಗಳು

ಪ್ರಶ್ನೆ: ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಊರು ಅರಸೀಕೆರೆ ಹತ್ತಿರ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೇನೆ. ವಾರಕ್ಕೆ ಮೂರು ದಿನ ಮ್ಯಾಂಚೆಸ್ಟರಿನ ತಂಡದ ಜೊತೆ ಕಾಲ್ ಇರುತ್ತದೆ. ಒಂದು ದಿನ ಅವರಲ್ಲೊಬ್ಬರು ಯಾರದೋ ಬಗ್ಗೆ ‘ಎ ಫ್ಯೂ ಸ್ಯಾಂಡ್‌ವಿಚಸ್ ಶಾರ್ಟ್ ಆಫ್ ಎ ಪಿಕ್‌ನಿಕ್’ ಅಂದರು. ಎಲ್ಲರೂ ನಕ್ಕರು, ಅರ್ಥವಾಗದಿದ್ದರೂ ನಾನೂ ನಕ್ಕೆ. ಆಮೇಲೆ ಕೂತು ಇಂಥ ಹತ್ತಾರು ಮಾತು ಕಲಿತೆ. ಮುಂದಿನ ವಾರ ಅಲ್ಲಿನ ಟೀಮ್ ಲೀಡ್‌ಗೆ ತಮಾಷೆಗೆ ‘ಯು ಆರ್ ಮ್ಯಾಡ್ ಆಸ್ ಎ ಹ್ಯಾಟರ್’ ಅಂದೆ. ಒಬ್ಬರೂ ನಗಲಿಲ್ಲ. ಈ ಮಾತುಗಳು ಎಲ್ಲಿಂದ ಬಂದವು ಸರ್? ಯಾವುದನ್ನು ಆಡಬಹುದು, ಯಾವುದು ಬೇಡ? ನಮ್ಮ ಗಾದೆಗಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ನಡೆಯುತ್ತಾ?

ಉತ್ತರ: ನಿಮ್ಮ ಇಂಗ್ಲಿಷಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಎಡವಿದ್ದು ಬೇರೆ ಕಡೆ. ಅವರು ಆ ಮಾತು ಆಡಿದ್ದು ಅಲ್ಲಿಲ್ಲದ ಯಾರದೋ ಬಗ್ಗೆ. ನೀವು ಆಡಿದ್ದು ಎದುರಿಗಿದ್ದವರಿಗೆ, ಅದೂ ಮೇಲಿನವರಿಗೆ, ‘ಯು ಆರ್’ ಅಂತ ನೇರವಾಗಿ. ನಮ್ಮಲ್ಲೂ ಇದೇ ಲೆಕ್ಕ ಅಲ್ವಾ? ಗೆಳೆಯನ ಹೆಗಲ ಮೇಲೆ ಕೈ ಹಾಕಿ ‘ಲೂಸಾ ನೀನು?’ ಅಂದರೆ ಅವನು ನಗುತ್ತಾನೆ. ಅದನ್ನೇ ಹೆಣ್ಣು ಕೊಟ್ಟ ಮಾವನಿಗೆ ಅಂದರೆ ಪಂಕ್ತಿಯಲ್ಲಿ ಕೂತವರು ಯಾರೂ ಎಲೆಯಿಂದ ತಲೆ ಎತ್ತುವುದಿಲ್ಲ.

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೆ ನನಗೆ ಒಂದು ಗಟ್ಟಿಯಾಗಿದೆ. ಇಂಥ ಮಾತುಗಳಲ್ಲಿ ಕೆಲವು ಆಳನ್ನು ಅಳೆಯುತ್ತವೆ, ಕೆಲವು ಅವನು ಮಾಡಿದ ಕೆಲಸವನ್ನು ಅಳೆಯುತ್ತವೆ. ಆಳನ್ನು ಅಳೆಯುವ ಮಾತು ಕಿವಿಗೆ ಬಿದ್ದಾಗ ಅರ್ಥವಾದರೆ ಸಾಕು, ಬಾಯಿಗೆ ಬೇಕಾಗಿಲ್ಲ. ಕೆಲಸವನ್ನು ಅಳೆಯುವ ಮಾತನ್ನು ಧೈರ್ಯವಾಗಿ ಆಡಿ. ಇದನ್ನು ಒಂದೊಂದು ಮಾತು ಹಿಡಿದು ತೋರಿಸುತ್ತೇನೆ.

ನಿಮ್ಮನ್ನು ನಗಿಸಿದ ಸ್ಯಾಂಡ್‌ವಿಚ್ಚನ್ನೇ ಮೊದಲು ನೋಡೋಣ. ಪಿಕ್‌ನಿಕ್ಕಿಗೆ ಹೊರಟಿದ್ದಾರೆ. ಹಾಸೋ ಬಟ್ಟೆ ಇದೆ, ಫ್ಲಾಸ್ಕಿನಲ್ಲಿ ಟೀ ಇದೆ, ಬುಟ್ಟಿ ತೆಗೆದರೆ ಸ್ಯಾಂಡ್‌ವಿಚ್ ಎರಡು ಕಮ್ಮಿ. ಹೊರಗಿನಿಂದ ಎಲ್ಲ ಸರಿಯಿದೆ, ಒಳಗೆ ಏನೋ ಸಾಲದು. ಆ ಮನುಷ್ಯನ ತಲೆಯೂ ಹಾಗೇ ಅಂತ ಅರ್ಥ. ಇಲ್ಲಿ ಕೀಲಿ ಇರುವುದು ‘ಶಾರ್ಟ್ ಆಫ್’ ಅನ್ನುವುದರಲ್ಲಿ. ಅಳತೆಗೆ ಇಷ್ಟು ಕಮ್ಮಿ ಅನ್ನುವ ಲೆಕ್ಕ ಅದು. ಲೋಡಿಗೆ ಕೆಲವು ಇಟ್ಟಿಗೆ ಕಮ್ಮಿ ಅನ್ನುತ್ತಾರೆ. ಆಸ್ಟ್ರೇಲಿಯಾದವರು ಮಾಡಿಗೆ ಒಂದು ಹಲಗೆ ಕಮ್ಮಿ ಅನ್ನುತ್ತಿದ್ದರು. ಮರದ ಚಿಕ್ಕ ಹಲಗೆಗಳನ್ನು ನಮ್ಮ ನಾಡಹೆಂಚಿನ ಹಾಗೆ ಹೊದಿಸುವ ಮಾಡು ಅದು. ಒಂದು ಹಲಗೆ ಹಾರಿಹೋದರೆ ಮನೆ ಬೀಳಲ್ಲ. ಆದರೆ ಮಳೆ ಬಂದಾಗ ಗೊತ್ತಾಗುತ್ತೆ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಹಳೇ ದುಡ್ಡಿನ ಲೆಕ್ಕದ ಮಾತು: ‘ನೈನ್‌ಪೆನ್ಸ್ ಟು ದ ಶಿಲಿಂಗ್’. ಇಂಗ್ಲೆಂಡಿನಲ್ಲಿ 1971ರವರೆಗೆ ಒಂದು ಶಿಲಿಂಗಿಗೆ 12 ಪೆನ್ನಿ. ಇವನ ಹತ್ತಿರ ಒಂಬತ್ತೇ ಇದೆ ಅಂದರೆ ಬುದ್ಧಿ ಮುಕ್ಕಾಲು ಪಾಲು. ನಮ್ಮಲ್ಲಿ ಆಣೆ ಹೋಗಿ 1957ರಲ್ಲಿ ಹೊಸ ಪೈಸೆ ಬಂತು. ಆದರೂ ಇವತ್ತಿಗೂ ‘ಹದಿನಾರಾಣೆ ಸತ್ಯ’ ಅನ್ನುತ್ತೇವೆ. ರೂಪಾಯಿಗೆ ಹದಿನಾರಾಣೆ ಅಂತ ಗೊತ್ತಿರುವ ಅಜ್ಜಿಗೆ ಈ ಒಂಬತ್ತು ಪೆನ್ನಿ ಮಾತು ಹೇಳಿ ನೋಡಿ. ವಿವರಿಸುವುದೇ ಬೇಡ. ಐರ್ಲೆಂಡಿನವರು ಇದನ್ನೇ ‘ನಾಟ್ ದ ಫುಲ್ ಶಿಲಿಂಗ್’ ಅನ್ನುತ್ತಾರೆ.

ಇನ್ನೊಂದು ಬಗೆ ಇದೆ. ‘ನಾಟ್ ದ ಶಾರ್ಪೆಸ್ಟ್ ನೈಫ್ ಇನ್ ದ ಡ್ರಾಯರ್’. ಡ್ರಾಯರಿನಲ್ಲಿರುವ ಚಾಕುಗಳಲ್ಲಿ ತೀರಾ ಹರಿತವಾದದ್ದಲ್ಲ ಇದು, ಅಷ್ಟೇ. ಮೊಂಡು ಅಂತ ಎಲ್ಲೂ ಹೇಳಲಿಲ್ಲ. ಹೇಳದೆ ಬಿಟ್ಟದ್ದನ್ನು ಕೇಳಿದವರು ತುಂಬಿಕೊಳ್ಳುತ್ತಾರೆ. ನಗು ಹುಟ್ಟುವುದು ಆ ತುಂಬಿಕೊಳ್ಳುವುದರಲ್ಲಿ. ಬೈಗುಳದ ವಿಷಯದಲ್ಲಿ ನಾವು ಕನ್ನಡದವರು ಧಾರಾಳಿಗಳು, ‘ಶತದಡ್ಡ’ ಅಂತ ನೂರರಿಂದ ಗುಣಿಸಿ ಹೇಳುತ್ತೇವೆ. ಅವರು ಕಳೆಯುತ್ತಾರೆ. ಅದಕ್ಕೇ ಅವರ ಮಾತು ನಮಗೆ ಮೊದಲ ಸಲ ಮೆತ್ತಗೆ ಕೇಳುತ್ತೆ. ಮೋಸ ಹೋಗಬೇಡಿ. ಆ ಚಾಕು ಯಾರ ಮೇಲೆ ಬಿತ್ತೋ ಅವರಿಗೆ ಪೂರ್ತಿ ಚುಚ್ಚುತ್ತೆ.

ಹಾಗಂತ ನಮ್ಮ ಅವರ ನಡುವೆ ಗೋಡೆಯೇನೂ ಇಲ್ಲ. ‘ಥಿಕ್ ಆಸ್ ಟೂ ಶಾರ್ಟ್ ಪ್ಲ್ಯಾಂಕ್ಸ್’ ಅಂದರೆ ಎರಡು ಗಿಡ್ಡ ಹಲಗೆಯಷ್ಟು ದಪ್ಪ. ಇಂಗ್ಲಿಷಿನ ‘ಥಿಕ್’ಗೆ ದಪ್ಪ, ದಡ್ಡ ಎರಡೂ ಅರ್ಥ. ಅದರಲ್ಲೇ ತಮಾಷೆ ಇರುವುದು. ನಮ್ಮ ‘ಮಂದ’ವನ್ನು ನೆನಪು ಮಾಡಿಕೊಳ್ಳಿ. ಹಾಲು ಮಂದವಾಗಿದೆ ಅನ್ನುತ್ತೇವೆ, ಬುದ್ಧಿ ಮಂದ ಅಂತಲೂ ಅನ್ನುತ್ತೇವೆ. ಅದೇ ಜೋಡಿ. ‘ಸ್ಕ್ರೂ ಲೂಸ್’ ಅನ್ನುವುದಂತೂ ಕಾರ್ಖಾನೆಗಳ ಕಾಲದ ಇಂಗ್ಲಿಷ್ ಮಾತು. ಅದು ನಮ್ಮೂರಿಗೂ ಬಂತು. ‘ಅವನಿಗೆ ಸ್ಕ್ರೂ ಲೂಸು’ ಅಂದೆವು. ಆಮೇಲೆ ಸ್ಕ್ರೂ ಬಿದ್ದುಹೋಗಿ ಬರೀ ‘ಲೂಸು’ ಉಳಿಯಿತು. ಬೆಂಗಳೂರಿನ ಯಾವ ಬಸ್ ಸ್ಟಾಪಿನಲ್ಲಿ ನಿಂತರೂ ಕಿವಿಗೆ ಬೀಳುತ್ತೆ.

ಈಗ ನಿಮ್ಮ ಹ್ಯಾಟರ್‌ಗೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಓದಿ.

ಹ್ಯಾಟರ್ ಅಂದರೆ ಟೋಪಿ ಮಾಡುವವನು. ಅವನಷ್ಟು ಹುಚ್ಚು ಅಂತ ಆ ಮಾತಿನ ಅರ್ಥ. 1865ರಲ್ಲಿ ಲೂಯಿಸ್ ಕ್ಯಾರಲ್ ಮಕ್ಕಳಿಗೆ ಬರೆದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯಿಂದ ಈ ಮಾತು ಬಂತು ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ತಿರುಗಾಮುರುಗಾ. ಮಾತು ಅದಕ್ಕಿಂತ ಹಳೆಯದು, 1830ರ ದಶಕದಲ್ಲೇ ಅಚ್ಚಿನಲ್ಲಿತ್ತು. ಕಥೆಗಾರ ಜನರ ಬಾಯಲ್ಲಿದ್ದದ್ದನ್ನು ಎತ್ತಿಕೊಂಡ. ಇನ್ನೊಂದು ವಿಷಯ: ಆ ಪುಸ್ತಕದಲ್ಲಿ ಬರುವ ಹುಚ್ಚು ಟೋಪಿಯವನ ಹೆಸರು ಬರೀ ‘ಹ್ಯಾಟರ್’. ‘ಮ್ಯಾಡ್ ಹ್ಯಾಟರ್’ ಅಂತ ಕರೆದವರು ನಾವು ಓದುಗರು.

ಟೋಪಿಯವನಿಗೇ ಯಾಕೆ ಹುಚ್ಚು? ಸಾಮಾನ್ಯವಾಗಿ ಕೊಡುವ ಕಾರಣ ಪಾದರಸ. ಒಳ್ಳೆಯ ಟೋಪಿಯನ್ನು ಫೆಲ್ಟಿನಿಂದ ಮಾಡುತ್ತಿದ್ದರು. ಫೆಲ್ಟ್ ಅಂದರೆ ನೇಯದೆ, ಬರೀ ಕೂದಲನ್ನು ಬಿಸಿನೀರಿನಲ್ಲಿ ಒತ್ತಿ ಒತ್ತಿ ಮಾಡಿದ ದಪ್ಪ ಬಟ್ಟೆ. ಮೊಲದ ತುಪ್ಪಳದ ಕೂದಲು ನುಣುಪು, ಒಂದಕ್ಕೊಂದು ಹಿಡಿಯಲ್ಲ. ಅದಕ್ಕೆ ಪಾದರಸವನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ ಆ ನೀರನ್ನು ಬ್ರಶ್ಶಿನಿಂದ ತುಪ್ಪಳಕ್ಕೆ ಬಳಿಯುತ್ತಿದ್ದರು. ಒಣಗಿದಾಗ ಕೂದಲ ತುದಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೇ ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕ್ಯಾರೆಟಿಂಗ್ ಅಂತಲೇ ಹೆಸರು. ಆಮೇಲೆ ಅದೇ ಕೂದಲನ್ನು ಬಿಸಿ ಹಬೆಯ ಮೇಲೆ ಬಗ್ಗಿ ಕೈಯಲ್ಲಿ ತಿಕ್ಕಬೇಕು. ಕಿಟಕಿ ಮುಚ್ಚಿದ ಕೋಣೆ. ಪ್ರತಿ ಉಸಿರಿನಲ್ಲೂ ಪಾದರಸ. ವರ್ಷಗಳು ಕಳೆದ ಹಾಗೆ ಮೊದಲು ಬೆರಳು ನಡುಗುತ್ತಿತ್ತು, ಬರೆದ ಅಕ್ಷರ ಅಲ್ಲಾಡುತ್ತಿತ್ತು. ಆಮೇಲೆ ಮನಸ್ಸು. ಅಪರಿಚಿತರು ಬಂದರೆ ನಾಚಿ ಮುದುಡುವುದು, ಸಣ್ಣದಕ್ಕೆ ಸಿಟ್ಟು, ಮರೆವು.

ಅಮೆರಿಕದ ಕನೆಟಿಕಟ್ ರಾಜ್ಯದ ಡ್ಯಾನ್‌ಬರಿ ಅನ್ನುವ ಊರು ಟೋಪಿಗೆ ಹೆಸರುವಾಸಿ. ಅಲ್ಲಿ ಈ ನಡುಕಕ್ಕೆ ಊರಿನ ಹೆಸರನ್ನೇ ಇಟ್ಟಿದ್ದರು, ‘ಡ್ಯಾನ್‌ಬರಿ ಶೇಕ್ಸ್’ ಅಂತ. ಆ ದೇಶದಲ್ಲಿ ಟೋಪಿ ಕೆಲಸದಿಂದ ಪಾದರಸ ಹೋಗಿದ್ದು 1941ರಲ್ಲಿ. 1983ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಬ್ಬ ವೈದ್ಯರು ಒಂದು ಸೂಕ್ಷ್ಮ ಎತ್ತಿ ತೋರಿಸಿದರು. ಕಥೆಯ ಹ್ಯಾಟರ್ ಬಾಯಿಬಡುಕ, ನಾಚಿಕೆ ಅನ್ನುವುದೇ ಇಲ್ಲ. ಪಾದರಸ ಹತ್ತಿದವನು ಹಾಗಿರುವುದಿಲ್ಲ. ನಿಜವಾದ ಟೋಪಿ ಕೆಲಸಗಾರ ಮೂಲೆಯಲ್ಲಿ ಕೂತು ಯಾರೂ ನನ್ನ ಕಡೆ ನೋಡದಿರಲಿ ಅಂದುಕೊಳ್ಳುತ್ತಿದ್ದ.

ಮ್ಯಾಂಚೆಸ್ಟರಿನ ಪಕ್ಕದಲ್ಲೇ ಸ್ಟಾಕ್‌ಪೋರ್ಟ್ ಇದೆ, ಒಂದು ಕಾಲದಲ್ಲಿ ದೊಡ್ಡ ಟೋಪಿ ಊರು. ಈಗಲೂ ಅಲ್ಲಿ ಟೋಪಿಯ ಮ್ಯೂಸಿಯಮ್ಮೇ ಇದೆ. ನಿಮ್ಮ ತಂಡದಲ್ಲಿ ಯಾರದೋ ಮುತ್ತಜ್ಜ ಆ ಹಬೆಯ ಮುಂದೆ ನಿಂತಿದ್ದರೂ ಇರಬಹುದು. ಅಂದು ಯಾರೂ ನಗದಿದ್ದಕ್ಕೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾರಣ ಬಹುಶಃ ಆ ‘ಯು ಆರ್’ ಒಂದೇ. ಆದರೆ ಮಾತನ್ನು ಎತ್ತಿಕೊಳ್ಳುವಾಗ ಅದರ ಭಾರವೂ ಗೊತ್ತಿರಲಿ ಅಂತ ಹೇಳಿದೆ.

ಇನ್ನೊಂದು ಮಾತು ಹುಟ್ಟಿದ್ದು ನಮ್ಮ ನೆಲದಲ್ಲೇ. ‘ಹಿ ಹ್ಯಾಸ್ ಗಾನ್ ಡೂಲಾಲಿ’ ಅಂತ ನೀವು ಕಾಲ್‌ನಲ್ಲಿ ಒಂದಲ್ಲ ಒಂದು ದಿನ ಕೇಳುತ್ತೀರಿ. ಅವನಿಗೆ ತಲೆ ಕೆಟ್ಟಿದೆ ಅಂತ. ಈ ಡೂಲಾಲಿ ಬೇರೇನೂ ಅಲ್ಲ, ನಾಸಿಕದ ಪಕ್ಕದ ದೇವಳಾಲಿ. ಮಡಿಕೇರಿಯನ್ನು ಮರ್ಕಾರಾ ಮಾಡಿದ ನಾಲಿಗೆಯೇ ದೇವಳಾಲಿಯನ್ನು ಡೂಲಾಲಿ ಮಾಡಿತು. 19ನೇ ಶತಮಾನದಲ್ಲಿ ಅಲ್ಲಿ ಬ್ರಿಟಿಷ್ ಸೈನ್ಯದ ದೊಡ್ಡ ಕ್ಯಾಂಪ್ ಎದ್ದಿತು. ಇಂಡಿಯಾದಲ್ಲಿ ಅವಧಿ ಮುಗಿಸಿದ ಸಿಪಾಯಿ ಅಲ್ಲಿ ಬಂದು ಹಡಗಿಗೆ ಕಾಯಬೇಕು. ಸೈನ್ಯದ ಹಡಗು ಹೊರಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಅವಧಿ ಬೇಸಿಗೆಯಲ್ಲಿ ಮುಗಿದರೆ ತಿಂಗಳುಗಟ್ಟಲೆ ಅಲ್ಲೇ ಕೊಳೆಯಬೇಕು. ಕೆಲಸ ಇಲ್ಲ, ಬಿಸಿಲು, ಕುಡಿತ, ಮನೆಯ ನೆನಪು. ಕೆಲವರಿಗೆ ನಿಜವಾಗಲೂ ಮನಸ್ಸು ಕೆಡುತ್ತಿತ್ತು. ಅದಕ್ಕೆ ಸಿಪಾಯಿಗಳೇ ಇಟ್ಟ ಹೆಸರು ‘ಡೂಲಾಲಿ ಟ್ಯಾಪ್’.

ಈ ‘ಟ್ಯಾಪ್’ಗೂ ನಲ್ಲಿಗೂ ಸಂಬಂಧವಿಲ್ಲ. ಅದು ನಮ್ಮ ‘ತಾಪ’. ಮರಾಠಿಯಲ್ಲಿ ತಾಪ ಅಂದರೆ ಜ್ವರ, ಬೆಳಗಾವಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದೇವಳಾಲಿಯ ಜ್ವರ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು, ಅಲ್ಲಿ ಬಾಲ ಉದುರಿ ‘ಡೂಲಾಲಿ’ ಒಂದೇ ನಿಂತಿತು. ಈಗ ಅದು ಬಲು ಮೆತ್ತಗಿನ ಮಾತು, ಅಜ್ಜಿಯರೂ ಆಡುತ್ತಾರೆ. ಈ ಕಥೆ ನಿಮ್ಮ ಮ್ಯಾಂಚೆಸ್ಟರ್ ಗೆಳೆಯರಿಗೇ ಗೊತ್ತಿರಲಿಕ್ಕಿಲ್ಲ. ಕಾಲ್ ಶುರುವಾಗುವ ಮುಂಚೆ ಎರಡು ನಿಮಿಷ ಸಿಕ್ಕರೆ ಹೇಳಿ. ಕಿವಿ ಕೊಟ್ಟು ಕೇಳುತ್ತಾರೆ.

ಊರಿನ ಹೆಸರೇ ಹುಚ್ಚಿನ ಹೆಸರಾದದ್ದು ಇದೊಂದೇ ಅಲ್ಲ. ಗದ್ದಲ, ಗೊಂದಲಕ್ಕೆ ಇಂಗ್ಲಿಷಿನಲ್ಲಿ ‘ಬೆಡ್ಲಮ್’ ಅನ್ನುತ್ತಾರೆ. ಲಂಡನ್ನಿನಲ್ಲಿ 1247ರಲ್ಲಿ, ಯೇಸು ಹುಟ್ಟಿದ ಊರಾದ ಬೆತ್ಲೆಹೆಮ್ ಹೆಸರಿನ ಮಠ ಶುರುವಾಯಿತು. ಅದು ಆಸ್ಪತ್ರೆಯಾಯಿತು, ಆಮೇಲೆ ಮನೋರೋಗಿಗಳ ಆಸ್ಪತ್ರೆಯಾಯಿತು. ಬೆತ್ಲೆಹೆಮ್ ಸವೆದು ಬೆಡ್ಲಮ್ ಆಯಿತು. 18ನೇ ಶತಮಾನದಲ್ಲಿ ಜನ ಕಾಸು ಕೊಟ್ಟು ಒಳಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು, ಮೃಗಾಲಯಕ್ಕೆ ಹೋದ ಹಾಗೆ. ಆಸ್ಪತ್ರೆ ಈಗಲೂ ನಡೆಯುತ್ತಿದೆ, 1930ರಿಂದ ಬೇರೆ ಜಾಗದಲ್ಲಿ. ಅದರ ಹಿಂದಿನ ಕಟ್ಟಡದಲ್ಲಿ ಈಗ ಯುದ್ಧದ ಮ್ಯೂಸಿಯಮ್ ಇದೆ.

ಇದನ್ನು ಓದುವಾಗ ನನಗೆ ಪ್ರತಿ ಸಲವೂ ನಮ್ಮ ಮಾತೇ ನೆನಪಾಗುತ್ತೆ. ಬೆಂಗಳೂರಿನಲ್ಲಿ ‘ನಿಮ್ಹಾನ್ಸ್ ಕೇಸು’ ಅನ್ನುತ್ತೇವೆ. ಬಡಗಣ ಕರ್ನಾಟಕದಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅನ್ನುತ್ತಾರೆ. ನಿಮ್ಹಾನ್ಸ್‌ನ ಹೊರರೋಗಿ ವಿಭಾಗದ ಬೆಂಚಿನಲ್ಲಿ ಒಬ್ಬ ಹತ್ತಿರದವರ ಜೊತೆ ನಾನು ಅರ್ಧ ದಿನ ಕೂತಿದ್ದೇನೆ. ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರು ಮಗನ ಚೀಟಿಯನ್ನು ಮಡಿಸಿ ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ಊರಿನಲ್ಲಿ ಯಾರಿಗೂ ಹೇಳದೆ ಬಂದಿದ್ದೇವೆ ಅಂದರು. ಆವತ್ತಿನಿಂದ ಆ ಮಾತು ನನ್ನ ಬಾಯಿಂದ ಬಿಟ್ಟುಹೋಗಿದೆ. ಇಂಗ್ಲಿಷಿನಲ್ಲೂ ಹೀಗೇ ಬದಲಾಗುತ್ತಿದೆ. ಆಫೀಸುಗಳಲ್ಲಿ ಕಾಯಿಲೆಯನ್ನು ಬೈಗುಳ ಮಾಡುವ ಮಾತುಗಳಿಗೆ ಈಗ ಜನ ಮುಖ ಗಂಟಿಕ್ಕುತ್ತಾರೆ. ಅವರು ಮಾಡುತ್ತಿರುವುದು ಸರಿ ಅಂತಲೇ ನನ್ನ ಮಾತು.

‘ಬಾರ್ಕಿಂಗ್ ಮ್ಯಾಡ್’ ಬಗ್ಗೆ ಒಂದು ಸಾಲು ಸಾಕು. ಲಂಡನ್ನಿನ ಪೂರ್ವಕ್ಕೆ ಬಾರ್ಕಿಂಗ್ ಅನ್ನುವ ಜಾಗ ಇದೆ, ಅಲ್ಲಿನ ಮಠದಲ್ಲಿ ಹುಚ್ಚರನ್ನು ಇಡುತ್ತಿದ್ದರು, ಅದರಿಂದ ಈ ಮಾತು ಬಂತು ಅಂತ ಕಥೆ ಕಟ್ಟಿದ್ದಾರೆ. ಆ ಮಠ ಮುಚ್ಚಿದ್ದು 1539ರಲ್ಲಿ, ಮಾತು ಸಿಗುವುದು 20ನೇ ಶತಮಾನದಲ್ಲಿ. ಸುಮ್ನೆ ನಾಯಿ ಬೊಗಳುವುದರಿಂದ ಬಂದದ್ದು ಅಂದುಕೊಳ್ಳಿ.

ಇನ್ನು ಕೆಲಸವನ್ನು ಅಳೆಯುವ ಮಾತುಗಳು. ನೀವು ಕಲಿಯಬೇಕಾದ್ದು ಇವನ್ನೇ. ಇಲ್ಲಿ ಯಾರ ತಲೆಯ ಮೇಲೂ ತೀರ್ಪು ಇಲ್ಲ. ಜಾಣರೂ ಮಾಡುವ ಹುಚ್ಚು ಕೆಲಸದ ಚಿತ್ರ ಇದೆ ಅಷ್ಟೇ.

ನನ್ನ ಅಚ್ಚುಮೆಚ್ಚಿನದು ‘ಟರ್ಕೀಸ್ ವೋಟಿಂಗ್ ಫಾರ್ ಕ್ರಿಸ್‌ಮಸ್’. ಟರ್ಕಿ ಅಂದರೆ ನಮ್ಮ ಸೀಮೆಕೋಳಿ ಜಾತಿಯ ದೊಡ್ಡ ಹಕ್ಕಿ. ಕ್ರಿಸ್‌ಮಸ್ ದಿನ ಅದು ಇಂಗ್ಲೆಂಡಿನ ಮನೆಮನೆಯ ಊಟ. ಅಂಥ ಟರ್ಕಿಗಳೇ ಸೇರಿ ಕ್ರಿಸ್‌ಮಸ್ ಬೇಗ ಬರಲಿ ಅಂತ ವೋಟು ಹಾಕಿದರೆ? 1979ರ ಮಾರ್ಚ್ 28ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಈ ಚಿತ್ರವನ್ನೇ ಎತ್ತಿದರು. ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷದವರಿಗೆ ಸರ್ಕಾರದ ಮೇಲೆ ಸಿಟ್ಟು. ಸ್ಕಾಟ್ಲೆಂಡಿಗೆ ಅದರದೇ ಶಾಸನಸಭೆ ಕೊಡುವ ಜನಮತಗಣನೆಯಲ್ಲಿ ‘ಹೌದು’ ಅಂದವರೇ ಜಾಸ್ತಿ ಇದ್ದರು. ಆದರೂ ಒಟ್ಟು ಮತದಾರರಲ್ಲಿ ಶೇ. 40 ಮಂದಿ ಒಪ್ಪಬೇಕು ಅನ್ನುವ ಷರತ್ತಿನಿಂದ ಅದು ಬಿದ್ದುಹೋಗಿತ್ತು. ಆ ಸಿಟ್ಟಿಗೆ ಅವರು ಸರ್ಕಾರದ ವಿರುದ್ಧ ಮತ ಹಾಕಲು ನಿಂತರು. ಸರ್ಕಾರ ಬಿದ್ದರೆ ಚುನಾವಣೆ, ಚುನಾವಣೆಯಾದರೆ ಮೊದಲು ನೆಲ ಕಚ್ಚುವುದು ಅವರೇ. ಬೇಗ ಕ್ರಿಸ್‌ಮಸ್ ಬರಲಿ ಅಂತ ಟರ್ಕಿಗಳು ವೋಟು ಹಾಕುವುದನ್ನು ಚರಿತ್ರೆಯಲ್ಲೇ ಮೊದಲ ಸಲ ನೋಡುತ್ತಿದ್ದೇವೆ ಅನ್ನುವ ಅರ್ಥದಲ್ಲಿ ಕ್ಯಾಲಹನ್ ಹೇಳಿದರು. 311ಕ್ಕೆ 310, ಒಂದೇ ಒಂದು ಮತದಲ್ಲಿ ಸರ್ಕಾರ ಬಿತ್ತು. ಮೇ ತಿಂಗಳ ಚುನಾವಣೆಯಲ್ಲಿ ಆ ಪಕ್ಷದ ಸ್ಥಾನ 11ರಿಂದ 2ಕ್ಕೆ ಇಳಿಯಿತು.

ನಮ್ಮ ಹರಕೆಯ ಕುರಿ ನೆನಪಾಗುತ್ತೆ ಅಲ್ವಾ? ಸ್ವಲ್ಪ ವ್ಯತ್ಯಾಸ ಇದೆ. ಹರಕೆಯ ಕುರಿಗೆ ಏನೂ ಗೊತ್ತಿಲ್ಲ, ಪಾಪ, ಸೊಪ್ಪು ಮೇಯುತ್ತಾ ನಿಂತಿರುತ್ತೆ. ಟರ್ಕಿ ಕೈ ಎತ್ತಿ ವೋಟು ಹಾಕುತ್ತೆ. ತನ್ನ ಕೇಡನ್ನು ತಾನೇ ಆರಿಸಿಕೊಳ್ಳುವುದಕ್ಕೆ ಈ ಮಾತು.

‘ಕಟ್ಟಿಂಗ್ ಆಫ್ ಯುವರ್ ನೋಸ್ ಟು ಸ್ಪೈಟ್ ಯುವರ್ ಫೇಸ್’ ನಿಮಗೆ ಸಲೀಸು. ಎದುರಿನವನಿಗೆ ಅಪಶಕುನ ಆಗಲಿ ಅಂತ ತನ್ನ ಮೂಗು ಕೊಯ್ದುಕೊಂಡ ಅನ್ನುವ ನಮ್ಮ ಗಾದೆಯ ತಮ್ಮ ಅದು. ‘ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ’ ಅಮೆರಿಕದ ಬೇಟೆಯಿಂದ ಬಂದದ್ದು. ರಕೂನ್ ಅನ್ನುವ ಪ್ರಾಣಿಯನ್ನು ನಾಯಿ ಮರ ಹತ್ತಿಸಿ ಬುಡದಲ್ಲಿ ನಿಂತು ಬೊಗಳುತ್ತೆ. ರಕೂನ್ ಕೊಂಬೆಯಿಂದ ಕೊಂಬೆಗೆ ದಾಟಿ ಪಕ್ಕದ ಮರಕ್ಕೆ ಹೋಗಿರುತ್ತೆ. ನಾಯಿ ಮಾತ್ರ ಖಾಲಿ ಮರಕ್ಕೇ ಬೊಗಳುತ್ತಿರುತ್ತೆ. ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕಿಂತ ಒದಗುವ ಮಾತು ಇನ್ನೊಂದಿಲ್ಲ. ತಪ್ಪು ಒಂದು ಕಡೆ, ಹುಡುಕಾಟ ಇನ್ನೊಂದು ಕಡೆ. ‘ಐ ಥಿಂಕ್ ವಿ ಆರ್ ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ’ ಅನ್ನಿ. ಗಮನಿಸಿ, ‘ಯು’ ಇದ್ದ ಕಡೆ ‘ವಿ’ ಬಂತು.

‘ಕೋಲ್ಸ್ ಟು ನ್ಯೂಕಾಸಲ್’ 1500ರ ದಶಕದಿಂದಲೂ ಇದೆ. ನ್ಯೂಕಾಸಲ್ ಕಲ್ಲಿದ್ದಲಿನ ಊರು, ಅಲ್ಲಿಗೇ ಕಲ್ಲಿದ್ದಲು ಹೊತ್ತುಕೊಂಡು ಹೋಗುವುದು. ತೀರ್ಥಹಳ್ಳಿಗೆ ಅಡಿಕೆ ಮೂಟೆ ತಗೊಂಡು ಹೋದ ಹಾಗೆ ಅಂತ ಕ್ಲಾಸಿನಲ್ಲಿ ಹೇಳುತ್ತಿದ್ದೆ.

ಒಂದು ಪದದ ಬಗ್ಗೆ ಹೇಳದೆ ಇರಲಾರೆ. ‘ಸಿಲ್ಲಿ’ ಅನ್ನುವುದನ್ನು ದಿನಾ ಬಳಸುತ್ತೇವೆ. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ದೇವರ ದಯೆ ಪಡೆದವನು ಅಂತ. ಅಲ್ಲಿಂದ ಏನೂ ಅರಿಯದವನು, ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವವನು, ಕೊನೆಗೆ ದಡ್ಡ ಅಂತ ಇಳಿಯಿತು. ನಮ್ಮ ‘ಮುಗ್ಧ’ ಎದುರು ದಿಕ್ಕಿನಲ್ಲಿ ನಡೆಯಿತು. ಸಂಸ್ಕೃತದಲ್ಲಿ ಮುಗ್ಧ, ಮೂಢ ಎರಡೂ ಒಂದೇ ಧಾತುವಿನ ಮಕ್ಕಳು, ದಾರಿ ತಪ್ಪಿದ ಬುದ್ಧಿ ಅಂತ. ಮೂಢ ಅಲ್ಲೇ ಉಳಿದ. ಮುಗ್ಧ ಮಗುವಿನ ನಗುವಾಗಿಬಿಟ್ಟ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅದಕ್ಕೂ ಮುಂಚೆ ಟೀಮ್ ಲೀಡ್ ಹತ್ತಿರ ಒಂದು ಸಲ ಹೇಳಿಬಿಡಿ: ಆ ಮಾತು ಹೊಸದಾಗಿ ಕಲಿತಿದ್ದೆ, ತಪ್ಪು ಜಾಗದಲ್ಲಿ ಬಳಸಿದೆ, ಕ್ಷಮಿಸಿ ಅಂತ. ಎರಡು ವಾಕ್ಯ ಸಾಕು, ಉದ್ದ ಬೇಡ. ಆಮೇಲೆ ನಮ್ಮ ಗಾದೆಗಳನ್ನು ಖಂಡಿತ ತಗೊಂಡು ಹೋಗಿ. ಅವರ ಮಾತನ್ನು ಅವರಿಗೇ ಹೇಳಿದರೆ ನಾಲಿಗೆ ಎಲ್ಲಿ ತೊಡರುತ್ತೆ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತೆ. ನಿಮ್ಮ ಮಾತನ್ನು ಹೇಳಿದರೆ ಅಲ್ಲಿ ನೀವೇ ಯಜಮಾನರು. ಮೊದಲೇ ‘ನಮ್ಮ ಕನ್ನಡದಲ್ಲಿ ಒಂದು ಮಾತಿದೆ’ ಅಂತ ಶುರು ಮಾಡಿ. ವ್ಯರ್ಥ ಕೆಲಸಕ್ಕೆ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’ ಇದೆಯಲ್ಲ, ಅದನ್ನೇ ತಗೊಳ್ಳಿ. ಗಾದೆ ಹೇಳಿ ಸುಮ್ಮನಾಗಬೇಡಿ, ಚಿತ್ರ ಬಿಡಿಸಿ. ಹರಿಯೋ ನೀರಿನಲ್ಲಿ ಹುಣಸೆಹಣ್ಣು ಹಿಡಿದು ಕಿವುಚುತ್ತಾನೆ. ಹುಳಿಯೆಲ್ಲ ನೀರಿನ ಜೊತೆ ಹೋಗುತ್ತೆ. ಕೈಯಲ್ಲಿ ಉಳಿಯುವುದು ನಾರು, ಬೀಜ. ಹುಣಸೆಹಣ್ಣು ಅಂದರೇನು ಅಂತ ಕೇಳಿದರೆ ಅಡುಗೆಮನೆಗೆ ಹೋಗಿ ವೂಸ್ಟರ್ ಸಾಸಿನ ಬಾಟಲಿ ಎತ್ತಿ ನೋಡೋಕೆ ಹೇಳಿ. ಲೇಬಲ್ಲಿನ ಪಟ್ಟಿಯಲ್ಲಿ ಹುಣಸೆ ಇರುತ್ತೆ.